ಮೊದಲ ನಾಯಿಯ ಹೆಸರು

ಜನವರಿ 8, ಗುರುವಾರ. ಬೆಳಿಗ್ಗೆ 10

ನಿನ್ನೆಯೂ ಗೇಟಿನಲ್ಲಿ ಪೆನ್ನು ಕಿತ್ತುಕೊಂಡರು. ಮೊಬೈಲು, ಪೆನ್ನು, ಬಸ್ ಟಿಕೆಟ್ಟಿನ ಚೂರು ಕೂಡ — ಎಲ್ಲ ಲಾಕರಿಗೆ. ವಿಕ್ರೋಳಿಯ ನಮ್ಮ ಕಾಲ್ ಸೆಂಟರಿನಲ್ಲಿ ಕಾಗದ ಕಂಡರೆ ಕಳ್ಳನನ್ನು ಕಂಡ ಹಾಗೆ. ಕಾರಣವಿದೆ. ಇಂಗ್ಲೆಂಡಿನ ಕರೆಂಟ್ ಕಂಪನಿಯ ಗಿರಾಕಿಗಳ ಜಾತಕವೇ ನಮ್ಮ ಸ್ಕ್ರೀನಿನಲ್ಲಿರುತ್ತದೆ.

ಆದರೆ ತಲೆಯನ್ನು ಲಾಕರಿನಲ್ಲಿಡಲು ಆಗುತ್ತದೆಯೇ? ಅಪ್ಪ ಸಾಂತಾಕ್ರೂಜ್‌ನ ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ವೇಟರ್. ಆರು ಟೇಬಲ್ಲಿನ ಆರ್ಡರು, ಒಂದಕ್ಷರ ಬರೆಯದೆ. ನಾನು ಅದೇ ದೂಜಣ್ಣನ ಮಗಳು. ಕೇಳಿದ್ದು ಹೋಗುವುದಿಲ್ಲ.

ನಿನ್ನೆ ಒಬ್ಬ ಅಜ್ಜಿ. ಒಂಟಿ. ಬಿಲ್ಲಿಗೆ ಹೆದರಿ ಹೀಟರ್ ಹಾಕುವುದಿಲ್ಲವಂತೆ. ಗುರುತಿಗೆ ಕೇಳುವ ಪ್ರಶ್ನೆ — ನಿಮ್ಮ ಮೊದಲ ನಾಯಿಯ ಹೆಸರೇನು? ಹೇಳಿ ತಾವೇ ನಕ್ಕರು. ಅವರ ಹೆಸರು ████, ಊರು ████, ನಾಯಿ ████. ಎಂಥ ಮುದ್ದಾದ ಹೆಸರು!

ಇಲ್ಲಿ ಬರೆದರೇನು... ಅಪ್ಪನಿಗೆ ನನ್ನ ಕಾಗೆಕಾಲು ಗುಬ್ಬಿಕಾಲು ತಿಳಿಯದು. ತಂಗಿ ಯಕ್ಷಿತಾ ಇಂಗ್ಲಿಷ್ ಮೀಡಿಯಂ. ಕನ್ನಡವೇ ನನ್ನ ಬೀಗ.

ಜನವರಿ 11, ಭಾನುವಾರ. ಸಂಜೆ

ಬೀಗ ಒಡೆಯಿತು.

ಮಧ್ಯಾಹ್ನ ಯಕ್ಷಿತಾ ನಗುತ್ತ ಬಂದಳು. "ಅಕ್ಕಾ, ಯೇ ಆಂಟಿ ಕೌನ್ ಹೈ? ಡಾಗ್ ಹೆಸ್ರು ಸೋ ಕ್ಯೂಟ್!" ಒಂದು ಕೈಯಲ್ಲಿ ಈ ಡೈರಿ, ಇನ್ನೊಂದರಲ್ಲಿ ಮೊಬೈಲು. ಪುಟದ ಫೋಟೋ ತೆಗೆದರೆ ಯಾವುದೋ ಆ್ಯಪ್ ಕನ್ನಡವನ್ನು ಇಂಗ್ಲಿಷ್ ಮಾಡಿಕೊಡುತ್ತದಂತೆ.

ಹೊಡೆಯಲು ಕೈ ಎತ್ತಿದೆ. ಹೊಡೆತ ಬೀಳಬೇಕಾದ್ದು ನನಗೆ. ಆ ಮೂರು ಪದ ಈಗ ಯಾವ ದೇಶದ ಯಾವ ಕಂಪ್ಯೂಟರಿನಲ್ಲಿ ಇವೆಯೋ. ಅಷ್ಟಿದ್ದರೆ ಸಾಕು, ಯಾರಾದರೂ ಫೋನ್ ಮಾಡಿ ತಾವೇ ಅಜ್ಜಿ ಎನ್ನಬಹುದು.

ಆಫೀಸಿನಲ್ಲಿ ಹೇಳಿದರೆ ಕೆಲಸ ಹೋದ ಹಾಗೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಜ್ಜಿಗೂ.

ಅಪ್ಪನಿಗೆ ಹೇಳಿದೆ. ಬೈಯಲಿಲ್ಲ — ಅದೇ ಕಷ್ಟವಾಯಿತು.

"ಮೂವತ್ತು ವರ್ಷ ಆಯ್ತು ಹರಿಣಿ. ಯಾರ ಸಂಗಡ ಯಾರು ಬಂದ್ರು, ಎಂತ ಮಾತಾಡಿದ್ರು ಅಂತ ನಾನು ಒಂದು ದಿವ್ಸ ಮನೆಗೆ ತಂದದ್ದುಂಟಾ? ಟೇಬಲ್ ಒರೆಸುವಾಗ ತಲೆಯೂ ಒರೆಸ್ಬೇಕು ಮಾರಾಯ್ತಿ."

"ಈಗ ಎಂತ ಮಾಡುದಪ್ಪ?"

"ಚೆಲ್ಲಿದ್ದು ನೀನಲ್ವಾ? ಹೋಗಿ ಹೇಳು."

ಜನವರಿ 13, ಮಂಗಳವಾರ. ಬೆಳಿಗ್ಗೆ 8

ನಿನ್ನೆ ಡೈರಿ ಹಿಡಿದುಕೊಂಡೇ ಹೋದೆ. ಗೇಟಿನ ಗಂಗುಬಾಯಿ, ವಿಜಯಪುರದ ಕಡೆಯವರು, ತಡೆದರು. "ಏನವಾ, ದಿನಾ ಪೆನ್ನು ತರ್ತಿದ್ದಿ. ಇವತ್ತ ಪುಸ್ತಕಾನ ತಂದೀ?"

"ತಪ್ಪು ಒಪ್ಪಿಕೊಳ್ಳಲಿಕ್ಕೆ ತಂದದ್ದು ಬಾಯಿ."

"ಅದಕ್ಕೂ ಒಳಗ ಕಾಗದ ಬಿಡೂದಿಲ್ಲ!"

ಕೊನೆಗೆ ಟೀಮ್ ಲೀಡರ್ ಮನೀಶ್ ಕೆಳಗೆ ಇಳಿದು ಬರಬೇಕಾಯಿತು. ಕೇಳಿ ತಲೆ ಹಿಡಿದುಕೊಂಡ. "ಬತಾನಾ ಜರೂರಿ ಥಾ ಕ್ಯಾ?" ಹೇಳಲೇಬೇಕಿತ್ತಾ ಅಂತ. ಹೂಂ ಅಂದೆ. ಧೈರ್ಯವೇನಲ್ಲ, ಅಪ್ಪ ಹೇಳಿದ್ದಕ್ಕೆ.

ಮಾಹಿತಿ ಸುರಕ್ಷತೆಯ ಮೇಡಂ ಎದುರು ನಿಂತು ಆ ಮೂರು ಪದಗಳ ಮೇಲೆ ಮಾರ್ಕರ್ ಎಳೆದೆ. ಯಕ್ಷಿತಾ ಫೋಟೋ ಅಳಿಸಿದ್ದಾಳೆ. ಅಷ್ಟಕ್ಕೇ ಅಳಿಯಿತೋ ಇಲ್ಲವೋ.

ನನ್ನನ್ನು ಸದ್ಯ ಫೋನ್ ಎತ್ತುವ ಕೆಲಸದಿಂದ ಇಳಿಸಿದ್ದಾರೆ. ವಿಚಾರಣೆ. ಅಜ್ಜಿಗೂ ತಿಳಿಸುತ್ತಾರಂತೆ. ಅದನ್ನು ನೆನೆದರೆ ನಾಚಿಕೆ.

ಫೆಬ್ರವರಿ 10, ಮಂಗಳವಾರ. ಬೆಳಿಗ್ಗೆ 9

ಕೆಲಸ ಉಳಿಯಿತು! ತಿಂಗಳಿಡೀ ಬರೆಯಲು ಕೈ ಬಂದಿರಲಿಲ್ಲ.

ಎಚ್ಚರಿಕೆಯ ಪತ್ರ ಕೊಟ್ಟರು. ಮತ್ತೆ ಟ್ರೇನಿಂಗ್. ಹೊಸ ಬ್ಯಾಚಿನವರ ಎದುರು ನನ್ನ ಕಥೆ ನಾನೇ ಹೇಳಬೇಕಾಯಿತು. ಅಪ್ಪನ ಟೇಬಲ್ ಮಾತನ್ನೂ ಸೇರಿಸಿದೆ. ಈಗ ಮನೀಶ್ ಅದನ್ನು ತನ್ನದೇ ಮಾತಿನ ಹಾಗೆ ಎಲ್ಲರಿಗೂ ಹೇಳುತ್ತಾನೆ, ಇರಲಿ. ಅಜ್ಜಿಯ ಖಾತೆಯನ್ನು ಯಾರೂ ಮುಟ್ಟಿಲ್ಲ. ಅವರು ಸಿಟ್ಟಾದರಂತೆ. ಆಮೇಲೆ, ಯಾವ ಭಾಷೆಯಲ್ಲಿ ಬರೆದಿದ್ದಳು ಅಂತ ಕೇಳಿದರಂತೆ. ಮುಂದಿನ ಬಿಲ್ಲು ಆ ಹುಡುಗಿಯೇ ವಿವರಿಸಲಿ, ಅವಳು ಇನ್ನು ಹುಷಾರಾಗಿರುತ್ತಾಳೆ ಎಂದರಂತೆ.

ನಿನ್ನೆ ಮತ್ತೆ ಹೆಡ್‌ಸೆಟ್. ಅದೇ ದನಿ. ಕ್ಷಮಿಸಿ ಅಂದೆ. ಅವರೇ ಅಂದರು — ಹೀಟರ್ ಹಾಕಿಕೊಂಡಿದ್ದೇನೆ, ಮೊದಲು ನಿನ್ನ ಪ್ರಶ್ನೆ ಕೇಳು.

ಕೇಳಿದೆ. ಉತ್ತರ ಬದಲಾಯಿಸಿದ್ದಾರೆ. ಹೊಸ ಪದ ಹೇಳಿದರು, ಇಬ್ಬರೂ ಜೋರಾಗಿ ನಕ್ಕೆವು. ಹಳೆಯದಕ್ಕಿಂತ ಮುದ್ದಾಗಿದೆ! ಯಾಕೆಂದರೆ ಅದು— ಬೇಡ. ಟೇಬಲ್ ಒರೆಸಿದೆ.