ಅಕ್ಕನ ದನಿಗೊಂದು ರೇಡಿಯೇಟರ್

ಮಾರ್ಚ್ 3, ಬೆಳಿಗ್ಗೆ

ಕಂಪ್ಯೂಟರ್ ಮತ್ತೆ ಆಫ್. ಎದ್ದು ನೋಡಿದರೆ ಸ್ಕ್ರೀನ್ ಕಪ್ಪು. ಗ್ರಾಫಿಕ್ಸ್ ಕಾರ್ಡ್ ಮುಟ್ಟಿದೆ, ಕೈ ಚುರ್ರೆಂದಿತು. ಕೇಸ್ ಬಿಚ್ಚಿ ಟೇಬಲ್ ಫ್ಯಾನ್ ಇಟ್ಟಿದ್ದೂ ದಂಡ.

ಅಕ್ಕ ಓದಿ ಕೊಟ್ಟಿದ್ದೆಲ್ಲ ಇದರೊಳಗಿದೆ. ಕೇಳಿ ಕೇಳಿ ಇದು ಅವಳ ದನಿ ಕಲೀಬೇಕು, ಟೈಪ್ ಮಾಡಿದ್ದನ್ನ ಅವಳ ಹಾಗೇ ಹೇಳಬೇಕು. ಕಾದು ಅರ್ಧಕ್ಕೇ ಮಲಗಿಬಿಡುತ್ತೆ. 21ಕ್ಕೆ ಆಪರೇಷನ್. ಗಂಟಲ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೀತಾರೆ. ಅಷ್ಟರೊಳಗೆ ಇದು ಕಲಿತರೆ, ಎಲ್ಲಿ ಕೆಟ್ಟಿದೆ ಅಂತ ಕೇಳಿ ನೋಡಿ ಅಕ್ಕನ ಹತ್ತಿರ ಮತ್ತೆ ಓದಿಸಬಹುದು. ಆಮೇಲೆ ಓದಿಸೋಕೆ...

ಫ್ಯಾನ್‌ಗೆ ಬಗ್ಗುವ ಬಿಸಿ ಅಲ್ಲ. ನೀರೇ ಹರಿಸಬೇಕು. ಆರ್ಡರ್ ಮಾಡಿದೆ.

ಮಾರ್ಚ್ 6

ರೇಡಿಯೇಟರ್ ಬಂತು. ಕಾರಿನದ್ದರ ತಮ್ಮನ ಹಾಗಿದೆ. ಉದ್ದ, ಚಪ್ಪಟೆ, ಮೈತುಂಬ ಸಣ್ಣ ರೆಕ್ಕೆಗಳು. ಕಾರ್ಡ್ ಮೇಲೆ ತಾಮ್ರದ ಬ್ಲಾಕ್ ಕೂರಿಸಿ ಆಯ್ತು. ಪಂಪ್ ನೀರು ತಳ್ಳುತ್ತೆ, ನೀರು ಕಾರ್ಡಿನ ಬಿಸಿ ಹೊತ್ಕೊಂಡು ರೇಡಿಯೇಟರ್‌ಗೆ ಬರುತ್ತೆ, ತಣ್ಣಗಾಗಿ ವಾಪಸ್. ಹೇಳೋಕೆ ಇಷ್ಟೇ.

ಕೇಸಿನ ಮೇಲ್ಭಾಗಕ್ಕೆ ಹಿಡಿದೆ, ಬೋರ್ಡಿಗೆ ತಾಗುತ್ತೆ. ಮುಂದಕ್ಕೆ ಹಿಡಿದೆ, ಹಾರ್ಡ್ ಡಿಸ್ಕ್ ಗೂಡು ಅಡ್ಡ. ಗೂಡು ಕಿತ್ತು ಹಾಕಿದೆ. ಬೆರಳು ಕೊಯ್ತು.

ಭಾವ ಬಾಗಿಲಲ್ಲಿ ನಿಂತು ನೋಡ್ತಿದ್ರು. ಅಕ್ಕನಿಗೆ ಇನ್ನು ಓದಿಸಬೇಡ, ನಿನ್ನೆ ಓದಿದ ಮೇಲೆ ಎಂಜಲು ನುಂಗೋಕೂ ಆಗಲಿಲ್ಲ ಅಂದ್ರು. ಇನ್ನು ಸ್ವಲ್ಪ ಮಾತ್ರ ಬಾಕಿ ಅಂದೆ.

"ನಿನಗೆ ಅವಳ ದನಿ ಬೇಕು. ನನಗೆ ಅವಳು ಬೇಕು."

ಬಗ್ಗಿ ಸ್ಕ್ರೂಗಳನ್ನ ಆರಿಸತೊಡಗಿದೆ. ಅವರ ಕಣ್ಣು ನೋಡೋ ಹಾಗಿರಲಿಲ್ಲ.

ಮಾರ್ಚ್ 8, ಸಂಜೆ

ಕೆಡಿಸಿದೆ. ಕೈಯಾರೆ ಕೆಡಿಸಿದೆ.

ಫ್ಯಾನ್‌ಗಳನ್ನ ರೇಡಿಯೇಟರ್‌ಗೆ ಬಿಗಿಯುವಾಗ ಒಂದು ಸ್ಕ್ರೂ ಯಾಕೋ ಗಟ್ಟಿಯಾಯ್ತು. ಆಮೇಲೆ ಥಟ್ಟನೆ ಸಲೀಸಾಯ್ತು. ಸರಿ ಕೂತಿತು ಅಂದ್ಕೊಂಡೆ. ಪೆದ್ದಿ. ಉದ್ದದ ಸ್ಕ್ರೂ ಹಾಕಿದ್ದೆ — ರೆಕ್ಕೆ ದಾಟಿ ನೀರಿನ ಕೊಳವೆಗೇ ಚುಚ್ಚಿತ್ತು. ಪುಣ್ಯಕ್ಕೆ ಕಂಪ್ಯೂಟರ್‌ಗೆ ಕರೆಂಟ್ ಕೊಡದೆ ಪಂಪ್ ಒಂದನ್ನೇ ಓಡಿಸಿ, ಸುತ್ತ ಟಿಶ್ಯೂ ಹಾಸಿದ್ದೆ. ಮೊದಲು ಕಡಲೆಕಾಳಷ್ಟು ಒದ್ದೆ. ನೋಡ್ತಿದ್ದ ಹಾಗೇ ಅಂಗೈ ಅಗಲ.

ಅಕ್ಕ ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತಳು. ಒದ್ದೆ ಟಿಶ್ಯೂ ಒಂದೊಂದೇ ಎತ್ತಿ ಬಕೆಟ್ಟಿಗೆ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 10

ಅಂಗಡಿಗೆ ಫೋನ್. ಅದೇ ಅಳತೆಯ ರೇಡಿಯೇಟರ್ ಈಗ ಸ್ಟಾಕ್ ಇಲ್ಲ, ಬರೋಕೆ ಎರಡು ವಾರ.

ಆಸ್ಪತ್ರೆಯಿಂದ ಫೋನ್. ಗಡ್ಡೆ ಉಸಿರಿನ ದಾರಿಗೆ ಅಡ್ಡ ಬರ್ತಿದೆ, ಕಾಯೋ ಹಾಗಿಲ್ಲ. ಆಪರೇಷನ್ 14ಕ್ಕೇ. 13ರ ಸಂಜೆ ಅಡ್ಮಿಟ್ ಆಗಬೇಕು.

ಎರಡೂ ಒಂದೇ ಮಧ್ಯಾಹ್ನ. ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ. ತೂತಿಗೆ ಅಂಟು ಮೆತ್ತಿದೆ. ಒಣಗಿಸಿ ನೀರು ಬಿಟ್ಟೆ. ಸೋರಿತು. ಮತ್ತೆ ಮೆತ್ತಿದೆ. ಸೋರಿತು.

ಮಾರ್ಚ್ 11

ಬೆಳಿಗ್ಗೆ ರೇಡಿಯೇಟರ್ ಕಾಣಿಸ್ತಿಲ್ಲ. ಭಾವ ಎಸೆದರು ಅಂದ್ಕೊಂಡೆ. ಮನಸ್ಸಿನಲ್ಲಿ ಅವರಿಗೆ ಏನೇನೋ ಅಂದೆ, ಇಲ್ಲಿ ಬರೆಯೋಕೂ ನಾಚಿಕೆ.

ಹನ್ನೊಂದಕ್ಕೆ ಬಂದರು. ಕೈಯಲ್ಲಿ ಪೇಪರ್ ಸುತ್ತಿದ ರೇಡಿಯೇಟರ್. ಕೆಲಸಕ್ಕೆ ರಜ ಹಾಕಿ ಕಾರ್ ರಿಪೇರಿ ಶೆಡ್‌ಗಳನ್ನ ಸುತ್ತಿದ್ದಾರೆ. ಮೂರು ಕಡೆ ಇಷ್ಟು ಸಣ್ಣದು ಮುಟ್ಟಲ್ಲ ಅಂದರಂತೆ. ನಾಲ್ಕನೆಯವನು ನನ್ನ ಅಂಟೆಲ್ಲ ಕೆರೆದು ತೂತಿಗೆ ಬೆಸುಗೆ ಹಾಕಿದ್ದಾನೆ. ಗ್ಯಾರಂಟಿ ಕೊಡಲ್ಲ ಅಂದನಂತೆ.

ಕಾಫಿ ಮಾಡಿ ಕೊಟ್ಟೆ. ಸಕ್ಕರೆ ಮರೆತಿದ್ದೆ. ಹಾಗೇ ಕುಡಿದರು.

ಮಾರ್ಚ್ 12

ಈ ಸಲ ಗಿಡ್ಡ ಸ್ಕ್ರೂ. ಪ್ರತಿಯೊಂದನ್ನೂ ಮೊದಲು ಪಕ್ಕದಲ್ಲಿ ಹಿಡಿದು ಅಳೆದೆ. ಟ್ಯೂಬ್ ಕತ್ತರಿಸಿ ಫಿಟಿಂಗ್‌ಗೆ ತುರುಕಿ ಬಿಗಿದೆ. ನೀರು ತುಂಬಿದೆ. ಪಂಪ್ ಹಾಕಿದರೆ ಗೊರಗೊರ ಸದ್ದು, ನೀರು ಹರೀತಿಲ್ಲ. ರೇಡಿಯೇಟರ್‌ನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಇಡೀ ಡಬ್ಬ ವಾಲಿಸಬೇಕು. ಭಾವ ಮಗು ಎತ್ತಿದ ಹಾಗೆ ಎತ್ತಿ ಆ ಕಡೆ ಈ ಕಡೆ ವಾಲಿಸಿದರು. ಅಕ್ಕ ಸ್ವಿಚ್ ಹಾಕೋದು, ತೆಗೆಯೋದು. ಬುಳುಬುಳು ಅಂತ ಗುಳ್ಳೆ ಬಂದವು. ಆಮೇಲೆ ಸದ್ದಡಗಿತು.

ಟಿಶ್ಯೂ ಒಣಗೇ ಇದೆ. ಕಲಿಕೆ ಶುರು ಮಾಡಿದೆ. ಬಿಸಿ ಐವತ್ತೆಂಟು ಡಿಗ್ರಿಗೆ ಬಂದು ನಿಂತಿದೆ. ಏರ್ತಿಲ್ಲ. ಬೆಸುಗೆ ಹಾಕಿದ ಜಾಗ ಮುಟ್ಟಿ ಮುಟ್ಟಿ ನೋಡ್ತೀನಿ.

ಮಾರ್ಚ್ 13, ಮಧ್ಯಾಹ್ನ

ಕಲಿತು ಮುಗಿಸಿದೆ! ಕೇಳಿದೆವು. ಅಕ್ಕನ ದನಿಯೇ. ಆದರೆ...

'ಅನ್ನ ತಣ್ಣಗಾಗ್ತಿದೆ, ಬಾ' ಅಂತ ಟೈಪ್ ಮಾಡಿದೆ. ರೈಲು ತಡವಾಗಿ ಬರ್ತಿದೆ ಅನ್ನೋ ಹಾಗೆ ಹೇಳಿತು. ಅಕ್ಕ ಸ್ಟೇಷನ್‌ನಲ್ಲಿ ಅನೌನ್ಸರ್. ಮೈಕ್ ಕಂಡರೆ ಬೆನ್ನು ನೆಟ್ಟಗಾಗುತ್ತೆ, ದನಿಗೆ ಇಸ್ತ್ರಿ ಬೀಳುತ್ತೆ. ಅವಳು ಓದಿದ್ದೆಲ್ಲ ಅದೇ ದನಿ. ಮನೆಯ ದನಿ ಒಂದು ಸಾಲೂ ನನ್ನ ಹತ್ತಿರ ಇಲ್ಲ.

ಸಹಜವಾಗಿ ಏನಾದರೂ ಮಾತಾಡು ಅಂದೆ. ಪ್ರಯತ್ನ ಪಟ್ಟಳು. ಸ್ಟೇಷನ್ನೇ ಬಂತು. ಕೆಮ್ಮು ಬಂತು. ಐದಕ್ಕೆ ಆಸ್ಪತ್ರೆ. ತಲೆ ಹಿಡಿದು ಕೂತೆ.

ಆಗ ಭಾವ ಎದ್ದರು. ಸ್ನಾನ ಮಾಡಿ ಬಂದು ಒದ್ದೆ ಟವೆಲ್ ತಂದು ಅಕ್ಕನ ಕುರ್ಚಿಯ ಮೇಲೇ ಹಾಕಿದರು. ಇವರಿಬ್ಬರ ಮದುವೆಯಷ್ಟೇ ಹಳೇ ಜಗಳ ಅದು. ಸಾಲದ್ದಕ್ಕೆ ನನ್ನ ಕಡೆ ತಿರುಗಿ, ನಿಮ್ಮಕ್ಕನಿಗೆ ಹೇಗೂ ಅಚ್ಚುಕಟ್ಟು ಅನ್ನೋದು ಗೊತ್ತಿಲ್ಲ ಅಂದರು.

ಅಕ್ಕ ಟವೆಲ್ ನೋಡಿದಳು, ಅವರನ್ನ ನೋಡಿದಳು. ಬೇಕಂತಲೇ ಕೆಣಕ್ತಿದ್ದಾರೆ ಅಂತ ಗೊತ್ತಾಯ್ತು ಅವಳಿಗೆ. ಗೊತ್ತಾಗಿಯೂ ಸಿಟ್ಟು ಬಂತು.

ಮೈಕ್ ಇನ್ನೂ ಆನ್. ಶುರು ಮಾಡಿದಳು. ಟವೆಲ್ಲು, ಚಪ್ಪಲಿ, ಅರ್ಧ ಕುಡಿದಿಟ್ಟ ಲೋಟಗಳು, ಭಾವನ ತಂಗಿಯ ಮದುವೆಯಲ್ಲಿ ಅವರು ಉಟ್ಟ ಬಟ್ಟೆ — ಯಾವುದನ್ನೂ ಬಿಡಲಿಲ್ಲ. ನಡುವೆ ನನಗೂ ಬಿತ್ತು. ಭಾವ ಒಂದೊಂದಕ್ಕೂ ಎದುರು ಮಾತಾಡಿ ಬೆಂಕಿಗೆ ತುಪ್ಪ ಸುರಿದರು. ಒಂದು ಹಂತದಲ್ಲಿ ಮೂವರೂ ನಗ್ತಿದ್ದೆವು. ಆಮೇಲೆ ಅವಳಿಗೆ ಉಸಿರು ಸಾಲಲಿಲ್ಲ. ಭಾವನ ತೋಳು ಹಿಡಿದು ನಿಂತಳು.

ನನ್ನ ಕಡೆ ನೋಡಿ ಕೇಳಿದಳು, "ಸಾಕಾ?"

ಸಾಕು ಅಂದೆ. ಸಾಕಾಗಿರಲಿಲ್ಲ.

ಹೊರಡೋ ಮುಂಚೆ ಈ ಜಗಳದ ರೆಕಾರ್ಡಿಂಗನ್ನೂ ಸೇರಿಸಿ ಮತ್ತೆ ಕಲಿಯೋಕೆ ಹಾಕಿದೆ.

ಮಾರ್ಚ್ 14

ಒಳಗೆ ಕರ್ಕೊಂಡು ಹೋದರು. ಬಾಗಿಲ ಹತ್ತಿರ ಕೈ ಆಡಿಸಿದಳು. ಏನೂ ಹೇಳಲಿಲ್ಲ. ಹೇಳಬಹುದಿತ್ತು.

ಮಾರ್ಚ್ 23

ಬರೆಯೋ ಸ್ಥಿತಿಯಲ್ಲಿ ಇರಲಿಲ್ಲ. ಆಪರೇಷನ್ ಆದ ಮಾರನೇ ದಿನ ರಕ್ತಸ್ರಾವ. ಮತ್ತೆ ಒಳಗೆ. ಆಮೇಲೆ ಐಸಿಯು. ಭಾವ ಕಾರಿಡಾರಿನ ಬೆಂಚು ಬಿಟ್ಟು ಏಳಲಿಲ್ಲ. ಬದುಕ್ತಾಳೆ ಅಂತ ಸರ್ಜನ್ ನಿನ್ನೆ ಬಾಯಿಬಿಟ್ಟು ಹೇಳಿದರು.

ಬಟ್ಟೆ ತರೋಕೆ ಮನೆಗೆ ಬಂದೆ. ಕಂಪ್ಯೂಟರ್ ನೆನಪೇ ಇರಲಿಲ್ಲ. ಯಾವತ್ತೋ ಕೆಲಸ ಮುಗಿಸಿ ಸುಮ್ಮನೆ ಕೂತಿದೆ. ಕೆಳಗಿನ ಟಿಶ್ಯೂ ಒಣಗಿದೆ. ಕಲಿತ ದನಿಯನ್ನ ಟ್ಯಾಬ್‌ಗೆ ಹಾಕಿದೆ. ನಾನು ಕೇಳಿ ನೋಡಲಿಲ್ಲ. ಧೈರ್ಯ ಬರಲಿಲ್ಲ.

ಮಾರ್ಚ್ 24, ಆಸ್ಪತ್ರೆ

ಟ್ಯಾಬ್ ಕೊಟ್ಟೆ. ಮುಖ ತಿರುಗಿಸಿದಳು. ಒತ್ತಾಯ ಮಾಡಲಿಲ್ಲ, ಹಾಸಿಗೆ ಮೇಲೆ ಇಟ್ಟೆ. ಮಧ್ಯಾಹ್ನದ ತನಕ ಹಾಗೇ ಬಿದ್ದಿತ್ತು.

ಈಗ ಭಾವ ಒಳಗೆ ಬಂದರು. ಹತ್ತು ದಿನದ ಗಡ್ಡ, ಮುದುರಿದ ಶರಟು. ಅಕ್ಕ ಅವರನ್ನ ಮೇಲಿಂದ ಕೆಳಗೆ ನೋಡಿದಳು. ಟ್ಯಾಬ್ ಎಳ್ಕೊಂಡಳು. ಒಂದೊಂದೇ ಅಕ್ಷರ ಒತ್ತಿದಳು. ಟ್ಯಾಬ್ ಮಾತಾಡಿತು.

"ಏನ್ರೀ ಇದು ಅವತಾರ? ಹೋಗಿ ಶೇವ್ ಮಾಡ್ಕೊಂಡು ಬನ್ನಿ."

ಸ್ಟೇಷನ್ ಅಲ್ಲ. ಮನೆ. ಕೊನೆ ಅಕ್ಷರ ಸ್ವಲ್ಪ ನುಂಗುತ್ತೆ, ಆದರೂ ಮನೆ.

ಭಾವ ಸರಿ ಅಂದರು. ಹೋಗಲಿಲ್ಲ. ಗೋಡೆ ಹಿಡ್ಕೊಂಡು ನಿಂತಿದ್ದಾರೆ.

ಅವಳು ಮತ್ತೆ ಟೈಪ್ ಮಾಡ್ತಿದ್ದಾಳೆ. ಈ ಸಲ ಉದ್ದಕ್ಕೆ ಏನೋ. ನನ್ನ ಕಡೆ ನೋಡಿದಳು, ಬರೆಯೋದು ನಿಲ್ಲಿಸು ಅನ್ನೋ ಹಾಗೆ. ನಿಲ್ಲಿ—