ಹಳೇಕಬ್ಬಿಣನಿಗೆ ಮಾರಿದ ಪ್ರೆಸ್ಸು

ಅಡುಗೆಮನೆಯ ಮೇಜಿನಿಂದ,
ಜೂನ್ ಹನ್ನೆರಡು, ಗುರುವಾರ ಮಧ್ಯಾಹ್ನ

ನನ್ನ ಬೆನ್ನಿಗೆ ಬಿದ್ದ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಸೊಂಟದ ನೋವು ಈಗ ಹೇಗಿದೆ? ಲಾಂಡ್ರಿಯಲ್ಲಿ ಒದ್ದೆ ಬಟ್ಟೆಯ ಗಂಟು ಎತ್ತುವಾಗ ಮೊಣಕಾಲು ಬಗ್ಗಿಸು, ಸೊಂಟ ಬಗ್ಗಿಸಬೇಡ ಅಂತ ಎಷ್ಟು ಸಲ ಹೇಳಿದ್ದೇನೆ. ನಿನ್ನ ಹೆಂಡತಿಯ ಕೆಮ್ಮು ಇಳಿಯಿತೇ? ದಿನಾ ಬೆಳಗಿನ ಪ್ರಾರ್ಥನೆಯಲ್ಲಿ ನಿಮ್ಮಿಬ್ಬರ ಹೆಸರನ್ನು ಗಟ್ಟಿಯಾಗಿ ಹೇಳುತ್ತೇನೆ. ದೇವರಿಗೆ ಕೇಳಿಸುತ್ತಿರಬೇಕು, ಪಕ್ಕದಲ್ಲೇ ಕೂತ ನಿನ್ನ ಭಾವನಿಗೆ ಮಾತ್ರ ಕೇಳಿಸುವುದಿಲ್ಲ. ಮೊನ್ನೆ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿಬಿಟ್ಟಿದ್ದರು. ಬಾಗಿಲು ಬಡಿದು ಬಡಿದು ಕೈ ಊದಿಸಿಕೊಂಡೆ. ಕೊನೆಗೆ ಕಿಟಕಿಯಿಂದ ಪೊರಕೆ ತೂರಿಸಿ ಅವರ ಕಾಲಿಗೆ ತಿವಿದು ಎಬ್ಬಿಸಬೇಕಾಯಿತು. ಎದ್ದವರು, 'ಮೆಲ್ಲಗೆ ಕರೆದಿದ್ದರೆ ಸಾಕಾಗಿತ್ತು' ಅಂದರು.

ಫೋನು ಮಾಡದೆ ಪತ್ರ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಪತ್ರ ಓದುವಾಗ ಬಾಯಿ ಮುಚ್ಚಿಕೊಂಡು ಇರಲೇಬೇಕು. ವಿಷಯ ಇಷ್ಟು: ಅಪ್ಪನ ಬೈಂಡಿಂಗ್ ಪ್ರೆಸ್ಸನ್ನು ಮಾರಿಬಿಟ್ಟೆ. ಅದು ನಿನ್ನದೂ ಹೌದು, ಅದಕ್ಕೇ ಬರೆಯುತ್ತಿದ್ದೇನೆ. ಬೇಕರಿಯವರು ನಿನ್ನ ಭಾವನಿಗೆ ಬರುವ ತಿಂಗಳು ಕಿವಿ ಪರೀಕ್ಷೆ ಇಟ್ಟಿದ್ದಾರೆ. ಕಿವಿಗೆ ಯಂತ್ರ ಹಾಕಿಕೊಂಡು ಪಾಸಾದರೆ ಬ್ರೆಡ್ ವ್ಯಾನು ಅವರ ಕೈಯಲ್ಲಿರುತ್ತದೆ, ಇಲ್ಲದಿದ್ದರೆ ಕೀಲಿಕೈಯನ್ನು ಮಾಲೀಕರ ಮೇಜಿನ ಮೇಲಿಟ್ಟು ಬರಬೇಕು. ಇಪ್ಪತ್ತು ವರ್ಷದಿಂದ ಆ ವ್ಯಾನಿನ ಬೆಚ್ಚಗಿನ ವಾಸನೆ ಹೊತ್ತುಕೊಂಡು ಮನೆಗೆ ಬರುವ ಮನುಷ್ಯ ಆಮೇಲೆ ಮನೆಯಲ್ಲಿ ಕೂತು ಏನು ಮಾಡಬೇಕು ಹೇಳು.

ಮೂಲೆಯಲ್ಲಿ ಗೋಣಿ ಹೊದ್ದು ಕೂತಿದ್ದ ಪ್ರೆಸ್ಸನ್ನು ನಾನೇ ಒರೆಸಿದೆ. ಅಪ್ಪ ಪುಸ್ತಕಗಳಿಗೆ ರಟ್ಟು ಹಾಕಿ, ಅಂಟು ಹಚ್ಚಿ, ಅದರ ಬಾಯಿಗಿಟ್ಟು ಚಕ್ರ ತಿರುಗಿಸುತ್ತಿದ್ದದ್ದು ಕಣ್ಣ ಮುಂದೆ ಬಂತು. ಬಿಗಿ ಮಾಡುವಾಗ ತೆಪ್ಪಗಿರುತ್ತಿತ್ತು, ಸಡಿಲ ಮಾಡುವಾಗ ಮಾತ್ರ ಕಿರ್ ಅನ್ನುತ್ತಿತ್ತು. ಆ ಸದ್ದು ಬಂದರೆ ಅಪ್ಪನ ಕೆಲಸ ಮುಗಿಯಿತು ಅಂತ ನೀನು ತಟ್ಟೆ ಹಿಡಿದು ಓಡುತ್ತಿದ್ದೆ. ಚಕ್ರ ಸಡಿಲ ಮಾಡಿ ನೋಡಿದೆ, ಈಗಲೂ ಹಾಗೇ ಕಿರ್ ಅಂತು.

ಮಗಳು ಫೋನಿನಲ್ಲಿ ಹರಾಜಿಗೆ ಹಾಕಿದಳು. 'ಅಮ್ಮಾ, ಸುಮ್ನೆ ಕೂತ್ಕೋ, ಲೋಕವೇ ಬಂದು ಬೆಲೆ ಕೂಗುತ್ತೆ' ಅಂದಳು. ಆ ಫೋನು ಒಂದೊಂದಾಗಿ ಏನೇನೋ ಕೇಳಿತು. ಪಟ್ಟಿಯ ಮೇಲ್ಗಡೆ ಕಾಣಿಸಬೇಕೇ? ಬೇಕು, ಯಾರಿಗೆ ಬೇಡ? ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಅಂತ ಒಂದು ಮಿತಿ ಹಾಕಬೇಕೇ? ಹಾಕು. ತಲುಪಿಸುವ ಖರ್ಚು ಯಾರದು? ಇಲ್ಲಿ ನಾನು ಎಡವಿದೆ ನೋಡು. ಅಪ್ಪ ಒಂದು ದಿನವಾದರೂ ಗಿರಾಕಿಯನ್ನು ಪುಸ್ತಕ ಹೊರಲು ಕರೆದದ್ದುಂಟೇ? ಎಷ್ಟೇ ದೂರವಿರಲಿ, ತಾನೇ ಹೆಗಲಿಗೆ ಹಾಕಿಕೊಂಡು ಮನೆಬಾಗಿಲಿಗೆ ಮುಟ್ಟಿಸುತ್ತಿದ್ದ. ಆ ಅಭ್ಯಾಸದಲ್ಲಿ ನಾನು, 'ಖರ್ಚು ನಮ್ಮದೇ ಅಂತ ಒತ್ತು' ಅಂದುಬಿಟ್ಟೆ. ಅಪ್ಪ ಮುಟ್ಟಿಸುತ್ತಿದ್ದದ್ದು ಪುಸ್ತಕ. ಇದು ಇಬ್ಬರು ಆಳು ಅಲುಗಿಸಲಾಗದ ಕಬ್ಬಿಣ. ಪಾರ್ಸೆಲ್ ಆಫೀಸಿನವನು ಅದರ ತೂಕ ಕೇಳಿ ತಲೆಯೆತ್ತಿ ನನ್ನನ್ನೇ ನೋಡಿದ.

ಬೆಲೆ ಕೂಗಿದವರು ಇಬ್ಬರು. ಒಬ್ಬ ಬೇಗ ಸುಸ್ತಾದ. ಇನ್ನೊಬ್ಬ 'ಹಳೇಕಬ್ಬಿಣ' ಅಂತ ಹೆಸರಿಟ್ಟುಕೊಂಡವನು, ಜಗ್ಗಲೇ ಇಲ್ಲ, ಏರಿಸಿದ, ಏರಿಸಿದ. ಕಿವಿ ಯಂತ್ರದ ಬೆಲೆಯನ್ನು ದಾಟಿಸಿಯೇ ನಿಲ್ಲಿಸಿದ. ನಾನು ದೇವರಿಗೆ ಕೈಮುಗಿದೆ. ಮಗಳು ಕುಣಿದಳು. ನಿನ್ನ ಭಾವ ಏನಾಯಿತು ಅಂತ ಕೇಳಿದರು, ಕೂಗಿ ಹೇಳಿದೆವು, ಬೀದಿಗೆಲ್ಲ ಗೊತ್ತಾಯಿತು.

ದುಡ್ಡು ಬ್ಯಾಂಕಿಗೆ ಬಂದಾಗ ನೋಡಿದರೆ ಸೊರಗಿ ಹೋಗಿದೆ. ಪಟ್ಟಿಗೆ ಹಾಕಿದ್ದಕ್ಕೆ ಶುಲ್ಕವಂತೆ. ಮೇಲ್ಗಡೆ ಕಾಣಿಸಿದ್ದಕ್ಕೆ ಬೇರೆ ಶುಲ್ಕ, ಮಿತಿ ಹಾಕಿದ್ದಕ್ಕೂ ಶುಲ್ಕ. ನನ್ನ ಸಾಮಾನಿಗೆ ನಾನೇ ಬೆಲೆ ಕಟ್ಟಿದ್ದಕ್ಕೆ ದಂಡ ಕಟ್ಟಿದ ಹಾಗಾಯಿತು. ಮಾರಾಟವಾಯಿತಲ್ಲ, ಅದಕ್ಕೆ ಹತ್ತರಲ್ಲೊಂದು ಪಾಲಿಗಿಂತ ಜಾಸ್ತಿ. ಆ ದುಡ್ಡನ್ನು ಅವನ ಕೈಯಿಂದ ಇಸಿದುಕೊಂಡು ನನ್ನ ಕೈಗೆ ಹಾಕಿದ್ದಕ್ಕೆ ಮತ್ತೊಂದಿಷ್ಟು. ಇದರ ಮೇಲೆ ಪಾರ್ಸೆಲ್ಲಿನ ಖರ್ಚು ನನ್ನ ತಲೆಗೇ. ಎಲ್ಲ ಕಳೆದರೆ ಯಂತ್ರಕ್ಕೆ ಸಾಲುವುದಿಲ್ಲ. ಕಿವಿ ಅಂಗಡಿಯವನು ಅರ್ಧ ಯಂತ್ರ ಕೊಡುತ್ತಾನೆಯೇ?

ಸಿಟ್ಟು ತಡೆಯಲಾರದೆ ಅವರ ಆಫೀಸಿಗೆ ಫೋನು ಮಾಡಿದೆ. ಮೊದಲು ಯಂತ್ರದ ಹೆಂಗಸು ಒಂದನ್ನು ಒತ್ತಿ, ನಾಲ್ಕನ್ನು ಒತ್ತಿ ಅಂತ ಬೆರಳು ಸವೆಸಿದಳು. ಆಮೇಲೆ ಒಂದು ಸಂಗೀತ ಹಾಕಿದರು, ಅದು ಮುಗಿಯುವಷ್ಟರಲ್ಲಿ ನನ್ನ ಬೇಳೆ ಬೆಂದು ತಳ ಹಿಡಿಯಿತು. ಕಡೆಗೆ ಜೀವವಿರುವ ಒಬ್ಬಳು ಸಿಕ್ಕಳು.

'ಮೇಡಂ, ಇದೆಲ್ಲ ಷರತ್ತಿನಲ್ಲೇ ಇದೆ. ನೀವು ಓದಿ ಒಪ್ಪಿದೀರಿ.'

'ಓದಿಲ್ಲ ತಾಯಿ, ಒಪ್ಪಿದೆ ಅಷ್ಟೆ.'

'ಒಪ್ಪಿದ್ರೆ ಓದಿದ ಹಾಗೇ ಮೇಡಂ.'

'ತಲುಪಿಸೋ ಖರ್ಚನ್ನ ಬೆಲೆಯಲ್ಲೇ ಸೇರಿಸಿದ್ದೆ. ಅದರಲ್ಲೂ ನಿಮಗೆ ಪಾಲು ಬೇಕಾ? ಹೊರೋಕೆ ನೀವು ಬರ್ತೀರಾ?'

'ನಿಮ್ಮ ಬೇಸರ ಅರ್ಥ ಆಗುತ್ತೆ ಮೇಡಂ.'

'ಅರ್ಥ ಆದ್ರೆ ವಾಪಸ್ ಹಾಕು.'

ಅದಕ್ಕೆ ಅವಳು, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಅಂದಳು. ಫೋನು ಇಟ್ಟುಬಿಟ್ಟೆ. ಪಾಪ, ಅವಳದೂ ಹೊಟ್ಟೆಪಾಡು. ಸಂಜೆಯ ಪ್ರಾರ್ಥನೆಯಲ್ಲಿ ಅವಳ ಮೇಲಿನ ಸಿಟ್ಟನ್ನು ಇಳಿಸು ಅಂತ ಕೇಳಿಕೊಂಡೆ. ಕಂಪನಿಯ ಮೇಲಿನ ಸಿಟ್ಟನ್ನು ಇಳಿಸು ಅಂತ ಕೇಳಲು ಬಾಯಿ ಬರಲಿಲ್ಲ, ದೇವರು ಕ್ಷಮಿಸಲಿ.

ಆ ಹಳೇಕಬ್ಬಿಣ ಬೇರೆ ನಿದ್ದೆ ಕೆಡಿಸಿದ್ದಾನೆ. ಹೆಸರು ನೋಡಿದರೆ ಗುಜರಿಯವನೇ ಇರಬೇಕು. ಅಪ್ಪನ ಪ್ರೆಸ್ಸನ್ನು ಕುಲುಮೆಗೆ ಹಾಕಿ ಕರಗಿಸಿಬಿಟ್ಟರೆ? ಹರಾಜು ಮುಗಿಯುವ ಮುಂಚೆ ಅವನು ಕೇಳಿದ್ದು ಒಂದೇ ಪ್ರಶ್ನೆ: ಸಡಿಲ ಮಾಡುವಾಗ ಕಿರ್ ಅನ್ನುತ್ತದೆಯೇ? ಅಂದರೆ ಏನು, ಕೊಂಕು ಹುಡುಕುತ್ತಿದ್ದಾನೆಯೇ? ಎಲ್ಲ ಹಳೇ ಪ್ರೆಸ್ಸುಗಳೂ ಕಿರುಗುಟ್ಟುತ್ತವೆ, ಬೇಕಾದರೆ ತಗೋ ಅಂತ ಖಾರವಾಗಿಯೇ ಬರೆಸಿದೆ. ಅದಕ್ಕೆ ಅವನು, 'ಬೇಕು' ಅಂತ ಒಂದೇ ಮಾತು ಬರೆದ. ಈಗ ವಿಳಾಸ ಕೇಳಿದರೆ 'ಆಮೇಲೆ ಹೇಳ್ತೀನಿ' ಅನ್ನುತ್ತಾನೆ. ದುಡ್ಡು ಕೊಟ್ಟು ಸಾಮಾನು ಬೇಡ ಅನ್ನುವ ಗುಜರಿಯವನನ್ನು ನೀನು ಕಂಡಿದ್ದೀಯಾ?

ಇಷ್ಟು ಓದಿ ನೀನು ದುಡ್ಡು ಕಳಿಸುತ್ತೇನೆ ಅಂತ ಹೊರಡಬೇಡ. ಕಳೆದ ತಿಂಗಳು ಕಿವಿ ಯಂತ್ರಕ್ಕೆ ದುಡ್ಡು ಕೊಡಲೇ ಅಂತ ಕೇಳಿದಾಗಲೂ ಬೇಡ ಅಂದಿದ್ದೆ, ಈಗಲೂ ಬೇಡ. ಒಡಹುಟ್ಟಿದವರ ನಡುವೆ ಲೆಕ್ಕ ಬರಬಾರದು ಅಂತ ಅಪ್ಪ ಹೋಗುವಾಗ ಹೇಳಿದ್ದು ನಿನಗೂ ನೆನಪಿದೆ. ನಿನ್ನ ಸಂಬಳ ಎಷ್ಟು, ನಿನ್ನ ಸೊಂಟ ಎಂಥದ್ದು ಅಂತ ನನಗೆ ಗೊತ್ತಿಲ್ಲವೇ. ಏನಾದರೂ ದಾರಿ ತೋರಿಸು ಅಂತ ದೇವರನ್ನು ಕೇಳಿದ್ದೇನೆ, ತೋರಿಸುತ್ತಾನೆ.

ನಿನ್ನ ಭಾವ ಕೇಳಿದ್ದಾರೆ ಅಂತ ತಿಳಿಸಲು ಹೇಳಿದರು. ಮಗಳು ಮಾವನಿಗೆ ನಮಸ್ಕಾರ ಹೇಳಿದ್ದಾಳೆ. ನಿಮ್ಮ ಮನೆ ತಣ್ಣಗಿರಲಿ, ನಿನ್ನ ಬೆನ್ನು ನೆಟ್ಟಗಿರಲಿ.

ನಿನ್ನ
ಅಕ್ಕ

ಮರೆತಿದ್ದೆ: ಮರೆತದ್ದಲ್ಲ, ಈಗ ಗೊತ್ತಾಯಿತು. ಪತ್ರ ಮಡಚುತ್ತಿದ್ದೆ, ನಿನ್ನ ಹೆಂಡತಿಯ ಫೋನು ಬಂತು. 'ಅಕ್ಕಾ, ಇವರಿಗೆ ಏನಾಗಿದೆ? ಬಾಲ್ಕನಿಯಲ್ಲಿದ್ದ ನನ್ನ ಹೂಕುಂಡಗಳನ್ನೆಲ್ಲ ಎತ್ತಿ ಪಕ್ಕದ ಮನೆಗೆ ಕೊಟ್ಟುಬಿಟ್ಟಿದಾರೆ. ಕಬ್ಬಿಣದ್ದೇನೋ ಬರುತ್ತಂತೆ. ಕಿರ್ ಅಂದ್ರೆ ಹೆದರಬೇಡ ಅಂತಾರೆ' ಅಂದಳು. ನಾನು ಕುರ್ಚಿ ಎಳೆದುಕೊಂಡು ಕೂತೆ. ಅಯ್ಯೋ ದಡ್ಡ, ಹರಾಜಿನಲ್ಲಿ ಅಪ್ಪನ ಪ್ರೆಸ್ಸು ಕಂಡು, ಅಕ್ಕ ದುಡ್ಡು ಬೇಡ ಅಂದಳು ಅಂತ ಗುಜರಿಯವನ ವೇಷ ಹಾಕಿದೆಯಾ? ನನ್ನ ಹಟ, ನಿನ್ನ ಕಳ್ಳಾಟ, ಎರಡರ ನಡುವೆ ಕಂಪನಿಯವನು ಕೂತು ಉಂಡೆದ್ದ. ಲೆಕ್ಕ ಇಡಬೇಡಿ ಅಂದಿದ್ದ ಅಪ್ಪ, ಕೊಡಬೇಡಿ ಅಂತ ಎಲ್ಲಿ ಹೇಳಿದ್ದ? ಪಾರ್ಸೆಲ್ ಬೇಡ. ಭಾನುವಾರ ಬೇಕರಿಗೆ ರಜೆ. ಮಾಲೀಕರನ್ನು ಕೇಳಿ ವ್ಯಾನಿನಲ್ಲೇ ತರುತ್ತೇವೆ, ನಿನ್ನ ಭಾವ ಓಡಿಸುತ್ತಾರೆ, ಪಕ್ಕದಲ್ಲಿ ಕೂತು ಹಾರ್ನು ನಾನು ಕೇಳಿಸಿಕೊಳ್ಳುತ್ತೇನೆ. ಇಳಿಸಲು ನಾಲ್ಕು ಜನರನ್ನು ಕರೆದಿಟ್ಟುಕೋ, ನೀನು ಮುಟ್ಟಬೇಡ. ಕಂಪನಿ ಕಿತ್ತುಕೊಂಡದ್ದರಿಂದ ಕಿವಿ ಯಂತ್ರಕ್ಕೆ ಕಡಿಮೆ ಬಿದ್ದಿದೆ. ಅದನ್ನು ನೀನು ತುಂಬಿಕೊಡಬೇಕು ತಮ್ಮಾ, ಕೈಯಿಂದ ಕೈಗೆ. ಬೇಡ ಅನ್ನುವುದಿಲ್ಲ. ಪ್ರೆಸ್ಸಿನ ತಿರುಪಿಗೆ ಎಣ್ಣೆ ಮಾತ್ರ ಹಾಕಬೇಡ. ಯಂತ್ರ ಬಂದ ಮೇಲೆ ನಿನ್ನ ಭಾವನನ್ನು ಇನ್ನೊಮ್ಮೆ ಕರೆದುಕೊಂಡು ಬಂದು ಅದರ ಪಕ್ಕದಲ್ಲಿ ಕೂರಿಸುತ್ತೇನೆ. ನೀನು ಚಕ್ರ ಸಡಿಲ ಮಾಡು.