ಸತ್ತವರ ಸಾಲಿನಲ್ಲಿ ನಿನ್ನ ಹೆಸರು

ತಾರ್ಸುಸ್
ಮಾರ್ಚ್ 2, 2025, ಭಾನುವಾರ ಮಧ್ಯಾಹ್ನ

ಜಿಬ್ರಾಯಿಲ್,

ಹೆಸರಿನ ಹಿಂದೆ ಏನು ಸೇರಿಸಬೇಕು ಎಂದು ತಿಳಿಯದೆ ಬರೀ ಹೆಸರು ಬರೆದಿದ್ದೇನೆ. ‘ಪ್ರೀತಿಯ’ ಎಂದರೆ ನಗುತ್ತೀಯ, ‘ಮಾನ್ಯರೇ’ ಎಂದರೆ ಬೈಯುತ್ತೀಯ. ನೀನು ಮನೆ ಬಿಟ್ಟು ಹನ್ನೊಂದು ವರ್ಷವಾಯಿತು, ಇದು ನನ್ನ ಮೊದಲ ಪತ್ರ. ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡ. ನಿನ್ನ ಸಿಟ್ಟು ನನಗೆ ಗೊತ್ತು, ನನ್ನದು ನಿನಗೆ ಗೊತ್ತು. ಪೂರ್ತಿ ಓದು, ಆಮೇಲೆ ಬೇಕಾದರೆ ಹರಿ.

ನಾನೀಗ ಸಂತ ಪೌಲನ ಬಾವಿಯ ಎದುರಿನ ಚಹಾದಂಗಡಿಯಲ್ಲಿ ಕುಳಿತಿದ್ದೇನೆ. ನಾನು ಮಾರ್ಗದರ್ಶಿಯಾಗಿ ಕರೆತಂದ ಯಾತ್ರಿಕರ ಗುಂಪಿನ ಇಪ್ಪತ್ತೆರಡು ಜನ ಬಾವಿಯ ಸುತ್ತ ನಿಂತು ನೀರು ಸೇದಿಸಿಕೊಂಡು ಕುಡಿಯುತ್ತಿದ್ದಾರೆ. ಬೈರೂತಿನವರಿದ್ದಾರೆ, ಜರ್ಮನಿಗೆ ಹೋಗಿ ನೆಲೆಸಿದ ನಮ್ಮೂರವರ ಮಕ್ಕಳಿದ್ದಾರೆ, ನಿಮ್ಮ ಮೆರ್ಸಿನ್‌ನಿಂದ ಒಬ್ಬರಿದ್ದಾರೆ, ತೆರೆಜ್ ಎಂದು. ನಾಳೆಯಿಂದ ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ, ಹಾಲು ಮೊಸರು ಚೀಸ್ ಎಲ್ಲ ಬಂದ್ ಎಂದು ನಿನ್ನೆಯಿಂದ ಎಲ್ಲರೂ ಸಿಕ್ಕಸಿಕ್ಕಲ್ಲಿ ಚೀಸ್ ತುಂಬಿದ ಕುನಾಫೆ ತಿನ್ನುತ್ತಿದ್ದಾರೆ. ಪುಣ್ಯಕ್ಷೇತ್ರಕ್ಕೆ ಬಂದವರೋ ಮಿಠಾಯಿ ಅಂಗಡಿಗೆ ಬಂದವರೋ ಎಂದು ಕೇಳಿದೆ. “ಎರಡಕ್ಕೂ ಬಂದಿದೀವಿ, ನೀನು ಮುಂದೆ ನಡಿಯಮ್ಮ” ಎಂದರು ತೆರೆಜ್.

ಈ ಪತ್ರ ನಿನ್ನ ಕೈಗೆ ಕೊಡುವುದೂ ಅವರೇ. ಅವರು ನಿನ್ನ ಬೀದಿಯ ತೆರೆಜ್ ಎಂದು ನನಗೆ ಮೊದಲು ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಈ ಗುಂಪನ್ನು ನಾನು ಒಪ್ಪಿಕೊಳ್ಳುತ್ತಲೇ ಇರಲಿಲ್ಲ.

ಒಂದು ತಪ್ಪು ಒಪ್ಪಿಕೊಳ್ಳಬೇಕಿದೆ. ಅಲ್ಲ, ಎರಡು. ಚಿಕ್ಕದನ್ನು ಮೊದಲು ಹೇಳಿಬಿಡುತ್ತೇನೆ.

ನೀನು ಹೊರಟ ದಿನ ನೆನಪಿದೆಯಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ನಾವು ಉಣ್ಣದೆಯೇ ಎದ್ದೆವು. ನಿನ್ನ ಅಣ್ಣ ಮೆರ್ಸಿನ್‌ಗೆ ಕರೆದಿದ್ದ, ಅಂಗಡಿಯಲ್ಲಿ ಪಾಲು ಕೊಡುತ್ತೇನೆ ಎಂದಿದ್ದ. ನಾನು ನಮ್ಮೂರು ಅಂತಾಕ್ಯ ಬಿಟ್ಟು ಬರುವುದಿಲ್ಲ ಎಂದೆ. ಯೇಸುವಿನವರನ್ನು ಲೋಕ ಮೊದಲ ಸಲ ಕ್ರೈಸ್ತರು ಎಂದು ಕರೆದದ್ದು ಈ ಊರಿನಲ್ಲಿ, ಎಲ್ಲರೂ ಗಂಟುಮೂಟೆ ಕಟ್ಟಿದರೆ ಬಂದವರಿಗೆ ಹೇಳುವವರು ಯಾರು ಎಂದು ನಿನಗೇ ಭಾಷಣ ಬಿಗಿದೆ. “ಕಲ್ಲಿಗೆ ಹೇಳ್ಕೋ ಹೋಗು. ಈ ಊರು ಒಂದಿನ ನಿನ್ನ ನುಂಗತ್ತೆ, ಆಗ ಗೊತ್ತಾಗತ್ತೆ” ಎಂದೆ ನೀನು. ನಾನು ಸುಮ್ಮನಿರುವ ಜಾಯಮಾನದವಳೇ? “ಆ ಹೊಸಿಲು ದಾಟಿದ್ಯೋ, ನನ್ನ ಪಾಲಿಗೆ ಸತ್ತೆ ಅಂತಲೇ ಲೆಕ್ಕ” ಎಂದೆ. ನೀನು ದಾಟಿದೆ.

ಮಾತು ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮೂರನೆಯ ವರ್ಷ ಯಾರೋ ಬಂದು, ಮೆರ್ಸಿನ್ ಚರ್ಚಿನಲ್ಲಿ ಜಿಬ್ರಾಯಿಲ್ ಹಾಡಿದರೆ ಜನ ಬಾಗಿಲಾಚೆಯವರೆಗೂ ನಿಲ್ಲುತ್ತಾರೆ ಎಂದರು. ನನ್ನನ್ನು ಬಿಟ್ಟುಹೋಗಿಯೂ ನೀನು ಹಾಡುತ್ತಿದ್ದೀಯಲ್ಲ ಎಂದು ಉರಿದುಹೋದೆ. ಆ ಭಾನುವಾರ ಬಲಿಪೂಜೆಗೆ ಮುಂಚೆ, ಪ್ರಾರ್ಥನೆಯಲ್ಲಿ ಓದಿಸುವ ಹೆಸರಿನ ಚೀಟಿ ಬರೆಯುವಾಗ, ಒಂದು ಕಡೆ ಬದುಕಿರುವವರು, ಇನ್ನೊಂದು ಕಡೆ ತೀರಿಕೊಂಡವರು, ನಿನ್ನ ಹೆಸರನ್ನು ತೀರಿಕೊಂಡವರ ಸಾಲಿನಲ್ಲಿ ಬರೆದೆ. ನನ್ನ ಅಪ್ಪ, ಅಮ್ಮ, ಆಮೇಲೆ ನೀನು. ನಿನ್ನ ತಾತನ ಹೆಸರೂ ಅದೇ ಅಲ್ಲವೇ, ನಮ್ಮ ಪಾದ್ರಿ ಅಬೂನಾ ದಿಮಿತ್ರಿ ಆ ತಾತನಿಗೇ ಎಂದುಕೊಂಡು ಓದಿಬಿಟ್ಟರು. ನಿಜ ಹೇಳುತ್ತೇನೆ, ಕೇಳಿ ಹಾಯೆನಿಸಿತು. ಮುಂದಿನ ವಾರವೂ ಬರೆದೆ. ಹೀಗೇ ಎಂಟು ವರ್ಷ. ಬರುವ ಗುಂಪುಗಳಿಗೂ ನಾನು ವಿಧವೆ. ವಿಧವೆ ಎಂದರೆ ಜನ ಮುಂದೆ ಏನೂ ಕೇಳುವುದಿಲ್ಲ, ಗಂಡ ಬಿಟ್ಟುಹೋದ ಎಂದರೆ ಕೇಳುತ್ತಲೇ ಇರುತ್ತಾರೆ.

ಎರಡು ವರ್ಷದ ಹಿಂದಿನ ಭೂಕಂಪದ ನಂತರ ಹೆದರಿಕೆಯಾಯಿತು. ಅಬೂನಾ ಓದುವ ಸತ್ತವರ ಪಟ್ಟಿ ಮುಗಿಯುತ್ತಲೇ ಇರಲಿಲ್ಲ. ನಮ್ಮ ಓಣಿಯವರೆಲ್ಲ ಅದರಲ್ಲಿದ್ದರು, ನಿಜವಾಗಿ ಸತ್ತವರು, ಅವರ ನಡುವೆ ನೀನೂ. ತೆಗೆಯಬೇಕು ಎಂದುಕೊಳ್ಳುತ್ತಿದ್ದೆ. ಆದರೆ ಅಲ್ಲಿಂದ ತೆಗೆದರೆ ಬದುಕಿರುವವರ ಕಡೆ ಬರೆಯಬೇಕಲ್ಲ. ಬರೆದರೆ ನಾನು ಸೋತಂತೆ. ಕತ್ತೆ ನಾನು.

ನಿನ್ನೆ ಬೆಳಿಗ್ಗೆ ಸಮಂದಾಗ್‌ನಲ್ಲಿ ಬಲಿಪೂಜೆ. ಎಲ್ಲರ ಚೀಟಿ ಸೇರಿಸಿ ಅಬೂನಾಗೆ ಕೊಡುವುದು ನನ್ನ ಕೆಲಸ. ತೆರೆಜ್ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಕುಳಿತು ಒಂದೊಂದನ್ನೂ ಓದುತ್ತಿದ್ದರು. ಅವರಿಗೆ ಪರರ ಚೀಟಿ ಓದಬಾರದು ಎಂಬುದೆಲ್ಲ ಇಲ್ಲ.

“ಈ ಜಿಬ್ರಾಯಿಲ್ ಯಾರೇ, ಸೆಲ್ವಾ?”

“ನಮ್ಮ ಯಜಮಾನ್ರು.”

“ಅಯ್ಯೋ ಪಾಪ, ದೇವ್ರು ನೆಮ್ಮದಿ ಕೊಡ್ಲಿ. ಯಾವಾಗ ಹೋದ್ರು?”

“ಹನ್ನೊಂದು ವರ್ಷ ಆಯ್ತು.” ಸುಳ್ಳಲ್ಲವಲ್ಲ. ಹೋದದ್ದು ಹನ್ನೊಂದು ವರ್ಷದ ಹಿಂದೆಯೇ.

“ಎಲ್ಲಿ?”

ಬಾಯಿ ತಪ್ಪಿತು ನೋಡು. “ಮೆರ್ಸಿನ್” ಎಂದುಬಿಟ್ಟೆ.

ಕನ್ನಡಕ ಕೆಳಗಿಳಿಯಿತು. “ಮೆರ್ಸಿನ್ನಲ್ಲಾ? ಮೂವತ್ತು ವರ್ಷದಿಂದ ನಮ್ಮ ಚರ್ಚಲ್ಲಿ ಎಲ್ಲರ ಮಣ್ಣಿಗೂ ಹೋಗಿದೀನಿ ಕಣೇ, ನಂಗೆ ಗೊತ್ತಿಲ್ದೆ ಅಲ್ಲಿ ಯಾರೂ ಸತ್ತಿಲ್ಲ! ಅಂತಾಕ್ಯದ ಜಿಬ್ರಾಯಿಲ್ ಅಂದ್ರೆ ಒಬ್ಬನೇ, ಆ ಗಂಟಲು ಹೋದವನು. ಅವನು ಮೊನ್ನೆ ತಾನೇ ನಮ್ಮನೆ ನಲ್ಲಿ ರಿಪೇರಿ ಮಾಡಿ ಹೋದ. ಅವನು ನಿನ್ನ ಗಂಡನಾ? ಬದುಕಿರೋ ಗಂಡನ್ನ ಸತ್ತವರ ಸಾಲಿಗೆ ತಳ್ಳಿದೀಯಲ್ಲೇ ಮಹಾತಾಯಿ!”

ಭೂಮಿ ಬಾಯಿ ಬಿಡಬಾರದೇ ಎನಿಸಿತು, ನಮ್ಮೂರಿನಲ್ಲಿ ಈಗ ಹಾಗೆ ಅನ್ನಬಾರದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನಾಚಿಕೆಯಲ್ಲ. ಗಂಟಲು ಹೋದವನು ಎಂದರೇನು ಎಂದು ಕೇಳಿದೆ. “ನಿಂಗೆ ಗೊತ್ತಿಲ್ವಾ?” ಎಂದರು. ನನಗೆ ಗೊತ್ತಿಲ್ಲ ಎನ್ನುವುದನ್ನು ನಂಬಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಪೂಜೆ ಮುಗಿದ ಮೇಲೆ ಚೆವ್ಲಿಕ್ ಬಂದರಿಗೆ ಹೋದೆವು. ಅಲ್ಲಿ ನಾನು ಏನು ಹೇಳುತ್ತೇನೆ ಎಂದು ನಿನಗೆ ಬಾಯಿಪಾಠ. ಯೇಸುವಿನ ಸಂದೇಶ ಸಾರಲು ಪೌಲ, ಬಾರ್ನಬ ಇಬ್ಬರೂ ಇಲ್ಲಿಂದಲೇ ಹಡಗು ಹತ್ತಿದರು, ಒಟ್ಟಿಗೆ ಹೋಗಿ ಒಟ್ಟಿಗೆ ಮರಳಿದರು, ಆಮೇಲೆ ಅಂತಾಕ್ಯದಲ್ಲೇ ಜಗಳವಾಡಿ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಬೈರೂತಿನವನೊಬ್ಬ ಎಲ್ಲರೂ ಕೇಳುವುದನ್ನೇ ಕೇಳಿದ, ಆಮೇಲೆ ಅವರಿಬ್ಬರೂ ರಾಜಿಯಾದರೇ ಎಂದು. ಅದಕ್ಕೆ ನನ್ನಲ್ಲಿ ಒಂದು ತಮಾಷೆಯ ಉತ್ತರವಿದೆ, ಇಪ್ಪತ್ತು ವರ್ಷದಿಂದ ಜನ ನಗುತ್ತಾರೆ. ನಿನ್ನೆ ಅದು ಬಾಯಿಗೆ ಬರಲಿಲ್ಲ. ಗೊತ್ತಿಲ್ಲ ಎಂದು ಹೇಳಿ ಕಲ್ಲುಗಳ ಮೇಲೆ ಹೋಗಿ ಕುಳಿತೆ. ತೆರೆಜ್ ಹಿಂದೆಯೇ ಬಂದರು.

ಅವರು ಹೇಳಿದ್ದನ್ನು ಬರೆಯುವ ಮೊದಲು ನನ್ನ ಕಡೆಯದು ಹೇಳಬೇಕು. ಇದು ದೊಡ್ಡ ತಪ್ಪು.

ಅವತ್ತು ಫೆಬ್ರವರಿ ಆರು, ಭೂಕಂಪದ ದಿನ. ನಾನು ಇಜ್ನಿಕ್‌ನಲ್ಲಿದ್ದೆ, ಗುಂಪಿನ ಜೊತೆ, ಅಂತಾಕ್ಯದಿಂದ ಒಂದು ಹಗಲಿನ ದಾರಿ ದೂರ. ನಸುಕಿಗೆ ಸುದ್ದಿ ಬಂತು. ಆಮೇಲೆ ನಿನ್ನ ಫೋನ್ ಬಂತು. ಪರದೆಯ ಮೇಲೆ ನಿನ್ನ ಹೆಸರು. ಒಂಬತ್ತು ವರ್ಷಗಳಲ್ಲಿ ಮೊದಲ ಸಲ. ಎತ್ತಲಿಲ್ಲ. ಕೇಳಿಸಲಿಲ್ಲ ಎಂದಲ್ಲ, ಚಾರ್ಜ್ ಇರಲಿಲ್ಲ ಎಂದಲ್ಲ. ಕೈಯಲ್ಲೇ ಇತ್ತು. ‘ನಾನು ಹೇಳಿರಲಿಲ್ವಾ, ಆ ಊರು ನುಂಗತ್ತೆ ಅಂತ’ ಎನ್ನುತ್ತೀಯ ಎಂದುಕೊಂಡೆ. ನನ್ನ ಊರು ಮಣ್ಣಾಗಿ ಬಿದ್ದಿರುವಾಗ ನಿನ್ನ ಬಾಯಿಂದ ಆ ಮಾತು ಕೇಳಲಾರೆ ಎನಿಸಿತು. ನಲವತ್ತೊಂದು ಸಲ ಬಡಿದುಕೊಂಡಿತು. ನಲವತ್ತೊಂದು ಸಲವೂ ನೋಡುತ್ತ ಕುಳಿತಿದ್ದೆ. ಮಧ್ಯಾಹ್ನ ನಿಂತುಹೋಯಿತು. ಇಷ್ಟೇ ಇವನ ಕಾಳಜಿ, ಅರ್ಧ ದಿನದ್ದು ಎಂದುಕೊಂಡೆ. ಮೂರನೆಯ ದಿನ ನಮ್ಮ ಪಕ್ಕದ ಮನೆಯ ವರ್ದೆ ಎಲ್ಲಿಂದಲೋ ಕರೆ ಮಾಡಿದಳು. ತಕ್ಷಣ ಎತ್ತಿದೆ. ಇಬ್ಬರೂ ಅತ್ತೆವು, ಅರ್ಧ ನಿಮಿಷದಲ್ಲಿ ಕಡಿದುಹೋಯಿತು. ಆಮೇಲೆ ಅವಳು ನನಗೆ ಕರೆ ಮಾಡಿದ್ದೇ ಇಲ್ಲ. ಮಗಳ ಜೊತೆ ಮೆರ್ಸಿನ್ ಸೇರಿದಳು ಎಂದಷ್ಟೇ ಕೇಳಿದ್ದೆ.

ಈಗ ತೆರೆಜ್ ಹೇಳಿದ್ದು, ಅವರಿಗೆ ವರ್ದೆ ಹೇಳಿದ್ದು.

ನಿನ್ನ ಕರೆಗಳು ನಿಂತದ್ದು ನೀನು ನಮ್ಮ ಓಣಿ ಮುಟ್ಟಿದ್ದರಿಂದ. ಅಲ್ಲಿ ಸಿಗ್ನಲ್ ಇರಲಿಲ್ಲ. ಬಂದವನೇ ನಮ್ಮ ಮನೆ ಇದ್ದಲ್ಲಿ ಕಬ್ಬಿಣದ ಸಲಾಕೆ ಹಿಡಿದು ಅಗೆಯಲು ನಿಂತೆಯಂತೆ, ಸಲಾಕೆ ಹೋಗದ ಕಡೆ ಕೈಯಲ್ಲಿ. ಇಲ್ಲಿ ಯಾರೂ ಇರಲಿಕ್ಕಿಲ್ಲ ಎಂದವರ ಮೇಲೆ ರೇಗಿದೆಯಂತೆ. “ಫೋನ್ ರಿಂಗಾಗ್ತಾ ಇತ್ತು ಕಣ್ರೋ, ಅವಳು ಒಳಗೇ ಇದಾಳೆ, ಎತ್ತೋಕೆ ಕೈ ಸಿಗ್ತಿಲ್ಲ ಅವಳಿಗೆ, ಅಷ್ಟೇ” ಎಂದು ಎಲ್ಲರಿಗೂ ಹೇಳಿದೆಯಂತೆ. ಆಗಾಗ ಅಗೆಯುವುದು ನಿಲ್ಲಿಸಿ, ಕಲ್ಲಿಗೆ ಕಿವಿಯಿಟ್ಟು, ನನ್ನ ದನಿಗೆ ಕಾಯುತ್ತಿದ್ದೆಯಂತೆ. ಎರಡು ಹಗಲು ನನ್ನ ಹೆಸರು ಕೂಗಿ ಕೂಗಿ, ಆ ದೂಳು ಕುಡಿದು, ಗಂಟಲು ಅಲ್ಲೇ ಹೋಯಿತಂತೆ.

ಮೂರನೆಯ ದಿನ ವರ್ದೆ ಓಡಿಬಂದು, “ಸೆಲ್ವಾ ಚೆನ್ನಾಗಿದಾಳೆ ಕಣೋ, ಇಜ್ನಿಕ್ಕಲ್ಲಿದಾಳೆ, ಈಗಷ್ಟೇ ಮಾತಾಡ್ದೆ” ಎಂದಳಂತೆ.

“ಫೋನ್ ಎತ್ತಿದ್ಳಾ?” ಎಂದು ಕೇಳಿದೆಯಂತೆ ನೀನು.

“ಒಂದೇ ರಿಂಗಿಗೆ” ಎಂದಳಂತೆ ಅವಳು, ಪಾಪ, ಖುಷಿಯಲ್ಲಿ.

ನೀನು ಸಲಾಕೆಯನ್ನು ಗೋಡೆಗೆ ಒರಗಿಸಿ ಹೊರಟುಹೋದೆಯಂತೆ.

ಎರಡು ವರ್ಷ, ಜಿಬ್ರಾಯಿಲ್. ನಾನು ಬೇಕೆಂದೇ ಎತ್ತಲಿಲ್ಲ ಎಂದು ಎರಡು ವರ್ಷದಿಂದ ನಿನಗೆ ಗೊತ್ತು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದೀಯ. ನಾನು ಪ್ರತಿ ಭಾನುವಾರ ನಿನ್ನನ್ನು ಸತ್ತವರ ಜೊತೆ ಓದಿಸುತ್ತಿದ್ದೆ. ಚರ್ಚಿನಲ್ಲಿ ನೀನೀಗ ಹಾಡುವುದಿಲ್ಲವಂತೆ, ಇನ್ನೊಬ್ಬರು ಹಾಡುವಾಗ ಪುಟ ತಿರುಗಿಸಿ ಕೊಡುತ್ತೀಯಂತೆ.

ನನ್ನ ಬದುಕು ಹೇಗಿದೆ ಎಂದು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಮನೆ ಕಳೆದುಕೊಂಡವರಿಗೆ ಕೊಟ್ಟ ಕಂಟೇನರಿನಲ್ಲಿದ್ದೇನೆ. ಇಪ್ಪತ್ತು ಮೂವತ್ತು ಜನರ ಜೊತೆ ಊಟ ಮಾಡುತ್ತೇನೆ, ಅವರ ಫೋಟೋ ತೆಗೆದುಕೊಡುತ್ತೇನೆ, ಪತ್ರ ಬರೆಯುತ್ತೇವೆ ಎಂದು ಅಪ್ಪಿಕೊಂಡು ಹೋಗುತ್ತಾರೆ. ಯಾವ ಫೋಟೋದಲ್ಲೂ ನಾನಿಲ್ಲ. ಬಸ್ಸು ಹೋದ ಮೇಲೆ ಬಾಗಿಲು ಹಾಕಿಕೊಂಡು, ಪಾತ್ರೆ ತೊಳೆಯುತ್ತ, ಗುಂಪುಗಳಿಗೆ ಹೇಳುವ ಸಂತ ಪೇತ್ರನ ಗುಹೆಯ ಕಥೆಯನ್ನು ಜೋರಾಗಿ ಹೇಳಿಕೊಳ್ಳುತ್ತೇನೆ, ಒಂದು ದನಿಯಾದರೂ ಇರಲಿ ಎಂದು. ನನಗೆ ಬೇಸರವಾಗಿದೆ, ಜಿಬ್ರಾಯಿಲ್. ಇಷ್ಟು ದಿನ ಅದನ್ನು ಯಾರಿಗೂ ಹೇಳಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಇವತ್ತು ಕ್ಷಮೆಯ ಭಾನುವಾರ. ಸಂಜೆಯ ಪ್ರಾರ್ಥನೆಗೆ ನಮ್ಮ ಗುಂಪು ನಿಮ್ಮ ಚರ್ಚಿಗೇ ಬರುತ್ತಿದೆ, ಐದು ಗಂಟೆಗೆ. ಕೊನೆಗೆ ಎಲ್ಲರೂ ಸಾಲಾಗಿ ನಿಲ್ಲಬೇಕು, ಒಬ್ಬೊಬ್ಬರ ಮುಂದೆಯೂ ಬಾಗಿ ‘ನನ್ನನ್ನು ಕ್ಷಮಿಸು’ ಎನ್ನಬೇಕು, ಯಾರನ್ನೂ ದಾಟಿ ಹೋಗುವಂತಿಲ್ಲ. ನೀನು ಬಂದರೆ ನಾನು ನಿನ್ನ ಮುಂದೆ ಬಂದೇ ಬರುತ್ತೇನೆ. ಗೊತ್ತಿಲ್ಲದೆ ಎದುರಾಗಿ ನಾಲ್ಕು ಜನರ ಮುಂದೆ ನಿನ್ನನ್ನು ಕಟ್ಟಿಹಾಕಬಾರದು ಎಂದು ಈ ಪತ್ರ. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಇವತ್ತೊಂದು ಸಂಜೆ ಮನೆಯಲ್ಲೇ ಇದ್ದುಬಿಡು. ಉಳಿದವರ ಕ್ಷಮೆ ಬೇರೆ ದಿನ ಕೇಳಿದರಾಯಿತು. ನಾನು ತಪ್ಪು ತಿಳಿಯುವುದಿಲ್ಲ.

ಬಂದರೆ ಒಂದು ಮಾತು. ಬಾಗಿದವರಿಗೆ ಎಲ್ಲರೂ ಹೇಳುವ ಉತ್ತರವಿದೆಯಲ್ಲ, ‘ದೇವರು ಕ್ಷಮಿಸಲಿ’ ಎಂದು. ಅದನ್ನು ನನಗೆ ಹೇಳಬೇಡ. ದೇವರ ಹತ್ತಿರದ್ದು ನಾನು ಬೇರೆ ಮಾತಾಡಿಕೊಳ್ಳುತ್ತೇನೆ. ಆ ಕಲ್ಲಿಗೆ ಕಿವಿಯಿಟ್ಟು ಕುಳಿತದ್ದು ಅವನಲ್ಲ, ನೀನು. ನೀನು ಕ್ಷಮಿಸುತ್ತೀಯಾ? ಗಂಟಲು ಬಾರದಿದ್ದರೆ ಚಿಂತೆಯಿಲ್ಲ. ತಲೆ ಆಡಿಸು, ಹೌದೋ ಅಲ್ಲವೋ, ನನಗೆ ತಿಳಿಯುತ್ತದೆ.

ಪತ್ರ ಹಿಡಿದು ನಮಗಿಂತ ಮುಂಚೆ ಹೊರಡುವ ತೆರೆಜ್, ಮಿನಿಬಸ್ಸಿಗೆ ಹೊತ್ತಾಯಿತು ಎಂದು ಕೂಗುತ್ತಿದ್ದಾರೆ. ಮುಗಿಸುತ್ತೇನೆ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಸೆಲ್ವಾ

ಮರೆತ ಮಾತು: ಪ್ರಾರ್ಥನೆ ಮುಗಿದ ಮೇಲೆ ಏಳು ಗಂಟೆಗೆ ಗುಂಪಿನ ಬಸ್ಸು ಮುಂದಿನ ಊರು ಸಿಲಿಫ್ಕೆಗೆ ಹೊರಡುತ್ತದೆ. ನಾಳೆಯಿಂದ ಬೇರೆ ಮಾರ್ಗದರ್ಶಿಯನ್ನು ನೋಡಿಕೊಳ್ಳಿ ಎಂದು ಕಂಪನಿಗೆ ಬೆಳಿಗ್ಗೆಯೇ ಹೇಳಿದ್ದೇನೆ. ನಿಮ್ಮ ಚರ್ಚಿನ ಬಾಗಿಲಲ್ಲಿ ನನ್ನ ಪೆಟ್ಟಿಗೆ ಇಳಿಸು ಎಂದು ಡ್ರೈವರಿಗೂ ಹೇಳಿಯಾಗಿದೆ. ನೀನು ಬಾರದಿದ್ದರೆ ತಿರುಗಿ ನಾನೇ ಹತ್ತಿಸಿಕೊಳ್ಳುತ್ತೇನೆ. ಏನೂ ಭಾರವಿಲ್ಲ.